ಕೆಡುನಾಡಿನ ಕತೆಗೆ ಹತ್ತು ಅಂಕ

ಬೆಳಿಗ್ಗೆ ಎಂಟೂ ಐವತ್ತಕ್ಕೆ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತೇನೆ.
ನಾನು ನಾನೇ ಎಂದು ಮೂರನೇ ಸಲಕ್ಕೆ ಅದು ಒಪ್ಪುತ್ತದೆ,
ಹಸಿರು ದೀಪ, ಕೀಚು ದನಿ.
ಆಮೇಲೆ ಸಿದ್ದಾಪುರದ ಕಾಲೇಜಿನ ಕೊನೇ ಕೋಣೆಯಲ್ಲಿ
ಈ ಅತಿಥಿ ಉಪನ್ಯಾಸಕ ಗಂಟಲು ಸರಿಮಾಡಿಕೊಂಡು ಹೇಳುತ್ತಾನೆ:
ಇವತ್ತು ಡಿಸ್ಟೋಪಿಯ.

ಕನ್ನಡದಲ್ಲಿ ಏನನ್ನೋಣ? ಕೆಡುನಾಡು, ಅಂದೆ.
ಹಿಂದಿನ ಬೆಂಚಿಗೆ ನಗು: ಕೊಡಗುನಾಡಾ ಸಾರ್?
ಒತ್ವ ತೆಗೆದು ಎತ್ವ ಇಡು,
ಅಷ್ಟೇ ದೂರ, ಅಂದೆ.

ಅಲ್ಲಿ ಯಾರೋ ಸದಾ ನೋಡುತ್ತಿರುತ್ತಾರೆ.
ನೋಡುವುದೆಲ್ಲ ನಿಮ್ಮ ಒಳ್ಳೆಯದಕ್ಕೇ ಅನ್ನುತ್ತಾರೆ
(ಅಡಿಗೆರೆ ಹಾಕಿ, ಪರೀಕ್ಷೆಗೆ ಬರುತ್ತದೆ).
ಹೆಸರಿದ್ದಲ್ಲಿ ನಂಬರು ಬಂದಿರುತ್ತದೆ,
ಬಂದದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ.
ಒಬ್ಬನಿಗೆ ಮಾತ್ರ ಏನೋ ತುರಿಕೆ.

ಚಂಗಪ್ಪ ಕೈ ಎತ್ತಿದ:
ಅಷ್ಟು ದೊಡ್ಡ ಊರು ಸಣ್ಣಕತೆಯೊಳಗೆ ಹಿಡಿಯುತ್ತಾ ಸಾರ್?
ಕಾದಂಬರಿ ಗೋಡೆ ಪೂರ್ತಿ ಕಟ್ಟುತ್ತದಪ್ಪ.
ಸಣ್ಣಕತೆ ಒಂದು ಇಟ್ಟಿಗೆ ತೋರಿಸಿ
ಉಳಿದದ್ದನ್ನು ನಿನ್ನ ಕೈಲೇ ಕಟ್ಟಿಸುತ್ತದೆ,
ಕೂಲಿ ಕೊಡದೆ.
ಗಂಟೆ ಹೊಡೆಯಿತು. ಒಂದೊಂದು ಕತೆ ಬರೆದು ತನ್ನಿ, ಹತ್ತು ಅಂಕ.

ಬಂದವು ಇಪ್ಪತ್ತೇಳು.
ಇಪ್ಪತ್ತಾರರಲ್ಲಿ ರೋಬೋಟು,
ಅದರಲ್ಲಿ ಒಂದು ಕುಪ್ಯ ತೊಟ್ಟು ಚೇಲೆ ಬಿಗಿದು
ಮದುವೆಮನೆಯಲ್ಲಿ ಕುಣಿಯುತ್ತಿತ್ತು. ಏಳು ಅಂಕ.

ಕೊನೆಯದು ಮಾಲ್ದಾರೆ ಹಾಡಿಯ ಬೊಳ್ಳಿಯದು.
ಒಂದೂವರೆ ಪುಟ; ಶಾಯಿ ಮುಗಿದು ನಡುವಿಂದ ಪೆನ್ಸಿಲು.

ಅವಳ ಕತೆಯಲ್ಲಿ ಮೊಬೈಲಿರುವುದು ಆನೆಗಳಿಗೆ.
ಹೇಗೆ ಬಂತು, ಹೇಳುವುದಿಲ್ಲ.
ಮನುಷ್ಯರ ಕೊರಳಿಗೆ ಪಟ್ಟಿ, ಹಗುರ, ಒಳ್ಳೇ ಬಣ್ಣ.
ಸಂಜೆ ಆರಕ್ಕೆ ಆನೆಗಳಿಗೆಲ್ಲ ಸಂದೇಶ:
'ಎಚ್ಚರಿಕೆ. ಎರಡು ಹೆಣ್ಣು, ಒಂದು ಮರಿ
ಚೆಟ್ಟಳ್ಳಿ ರಸ್ತೆ ಬದಿ ಸೌದೆ ಆಯುತ್ತಿವೆ.
ಆ ಕಡೆ ಹೋಗದಿರಿ.'
ಆನೆಗಳು ಕರುಣೆಯವು, ಕೊಲ್ಲುವುದಿಲ್ಲ.
ಪಟಾಕಿ ಹೊಡೆಯುತ್ತವೆ, ಕಂದಕ ತೋಡುತ್ತವೆ,
ತೀರಾ ಪುಂಡರಾದರೆ ಹಿಡಿದು ಮರದ ಕ್ರಾಲಿನಲ್ಲಿಟ್ಟು
ಬೆಲ್ಲ ತಿನ್ನಿಸಿ
ಸಲಾಮು ಹೊಡೆಯಲು ಕಲಿಸುತ್ತವೆ.
ಭಾನುವಾರ ಮರಿಯಾನೆಗಳು ನೋಡಲು ಬರುತ್ತವೆ, ಟಿಕೆಟ್ಟು ಕೊಂಡು.

ಅಲ್ಲೊಬ್ಬಳು, ನಂಬರು ಮೂವತ್ತೊಂದು.
(ಹಾಜರಿ ಪುಸ್ತಕ ತೆಗೆದು ನೋಡಿದೆ.
ದಿನಾ ನಾನು ಕೂಗುವ ಮೂವತ್ತೊಂದು ಅವಳೇ.)
ಒಂದು ರಾತ್ರಿ ಪಟ್ಟಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಬಿಚ್ಚಿ
ಬಾಳೆದಿಂಡಿಗೆ ಕಟ್ಟಿ ಕಾವೇರಿಗೆ ಬಿಡುತ್ತಾಳೆ.
ಸಂದೇಶದ ಮೇಲೆ ಸಂದೇಶ:
ಮೂವತ್ತೊಂದು ಕುಶಾಲನಗರ ದಾಟಿದೆ.
ಮೂವತ್ತೊಂದು ಕಣಿವೆಯಲ್ಲಿದೆ, ವೇಗ ಹೆಚ್ಚು.
ಮೂವತ್ತೊಂದು ಕನ್ನಂಬಾಡಿಯ ಹಿನ್ನೀರಿನಲ್ಲಿ ಸುತ್ತುತ್ತಿದೆ,
ಸುತ್ತುತ್ತಲೇ ಇದೆ.

ಅವಳು?
ಅಲ್ಲಿಗೆ ಪೆನ್ಸಿಲು ನಿಂತಿದೆ.

ನಾನು ಕೆಂಪಿನಲ್ಲಿ ಬರೆದೆ: ಅಂತ್ಯ ಇಲ್ಲ.
ನಾಯಕಿ ಎಲ್ಲಿ ಹೋದಳು? ಎಂಟು.

ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬೊಳ್ಳಿ,
ಕಾಗದ ಮಡಿಸಿ ಹಿಡಿದು.
ಆ ಎರಡು ಅಂಕ ಯಾಕೆ ಸಾರ್?
ಕತೆ ಮುಗಿಸಿಲ್ಲವಲ್ಲಮ್ಮ, ಎಲ್ಲಿಗೆ ಹೋದಳು ಎಂದು ಬರೆಯಬೇಕಿತ್ತು.
ಅವಳು ನನ್ನನ್ನೊಮ್ಮೆ, ನನ್ನ ಪೆನ್ನನ್ನೊಮ್ಮೆ ನೋಡಿದಳು:
ಬರೆದರೆ ಗೊತ್ತಾಗಿಬಿಡುತ್ತಲ್ಲ ಸಾರ್,
ಓದುವವರಿಗೆಲ್ಲ.

ಹತ್ತು ಮಾಡೋಣವೆಂದು ಕಂಪ್ಯೂಟರ್ ತೆರೆದೆ.
ಪೋರ್ಟಲು ಮುಚ್ಚಿತ್ತು. ಎಂಟು ಎಂಟೇ.
ಜೇಬಿನಲ್ಲಿ ಫೋನು ನಡುಗಿತು: ಒಂಟಿ ಸಲಗ, ಮಾಲ್ದಾರೆ ರಸ್ತೆ.
ಪಾಪ, ಪಟ್ಟಿ ಕಟ್ಟಿಸಿಕೊಂಡದ್ದು ಅಂದುಕೊಂಡೆ,
ಮೊದಲ ಸಲ.

ಈ ಬೆಳಿಗ್ಗೆ ಯಂತ್ರ ಒಪ್ಪಲಿಲ್ಲ.
ಬೆರಳ ಗೆರೆಗಳಲ್ಲಿ ಕೆಂಪು ಶಾಯಿ ಕೂತಿತ್ತೇನೋ.
ಮತ್ತೊಮ್ಮೆ ಪ್ರಯತ್ನಿಸಿ, ಅಂದಿತು.
ಹಿಂದೆ ಸಾಲು ಬೆಳೆಯುತ್ತಿತ್ತು.
ನಾನು ಹೆಬ್ಬೆಟ್ಟನ್ನು ಅಂಗೈಯೊಳಗೆ ಮಡಚಿಕೊಂಡು
ಸ್ವಲ್ಪ ಹೊತ್ತು, ಯಾರೂ ಅಲ್ಲದವನಾಗಿ,
ಅಲ್ಲೇ ನಿಂತಿದ್ದೆ.