ನಡೆಯದ ನಾಣ್ಯ

ಚೌಬಾರಾದ ಹಿಂದಿನ ಶಾದಿಖಾನೆಯಲ್ಲಿ ಹರಾಜು.
ಹೋದ ಸಲ ನಿಲ್ಲಲೂ ಜಾಗವಿರಲಿಲ್ಲ;
ಈಗ ಫ್ಯಾನಿನ ಕೆಳಗೆ ಒಂಬತ್ತು ಜನ,
ಅದರಲ್ಲಿ ಮೂವರು ಮಾರಲು ಬಂದವರೇ.

"ಬಹಮನಿ ಟಂಕ. ಬೆಳ್ಳಿ. ಒಂದಕ್ಷರ ಸವೆದಿಲ್ಲ. ನಲವತ್ತು ಸಾವಿರ..."
ಫ್ಯಾನಿನ ಸದ್ದು.
"ಮೂವತ್ತು?"
ಯಾರೋ ಕೆಮ್ಮಿದರು.
ಕೆಮ್ಮೂ ಸವಾಲೇ ಇರಬಹುದೆಂದು
ತಿರುಗಿ ನೋಡಿದ ವೈಜನಾಥ ಶೆಟಕಾರ.

ಕೊನೆಗೆ ಎದ್ದವನು ಸರಾಫ ಇಮ್ತಿಯಾಜ್,
ಕಿಸೆಯಿಂದ ತೆಗೆದ ಸೆಲ್ಲಿನ ಪುಟ್ಟ ತಕ್ಕಡಿ:
ಸುಲ್ತಾನನ ಹೆಸರು ಓದಲಿಲ್ಲ,
ಗ್ರಾಂ ಓದಿದ.

ಶೆಟಕಾರ ಟಂಕವನ್ನು ಮತ್ತೆ ಹತ್ತಿಯಲ್ಲಿ ಸುತ್ತಿದ.

ಹೊರಗೆ ಚಹಾ ಕುಡಿದು ಹತ್ತರ ನಾಣ್ಯ ಚಾಚಿದರೆ
"ಇದು ನಡ್ಯಂಗಿಲ್ರಿ, ನೋಟ್ ಕೊಡ್ರಿ"
ಅಂದಳು ಲಾಲಬಿ.

ನಕ್ಕು, ಅದನ್ನೂ
ಅದೇ ಹತ್ತಿಯೊಳಗಿಟ್ಟ.
ಇರ್ಲಿ ಬಿಡವ್ವ,
ಇದೂ ಒಂದಾರುನೂರು ವರ್ಷ ಕಾಯಲಿ.