ಮೂರನೇ ಒಡತಿ

ಎಂಬತ್ತೆರಡು ಸಾವಿರ ಕಿಲೋಮೀಟರು ಓಡಿದ ಮೇಲೆ
ನನ್ನ ಹೆಸರಿಗೆ ಬಂದಿದೆ ಈ ಕಪ್ಪು ಸೆಡಾನು.
ಸೀಟಿನ ಬಲಗಡೆ ಚರ್ಮ ಸವೆದಿದೆ,
ಯಾರೋ ದಪ್ಪನೆಯವರು ದಿನಾ ಹತ್ತಿ, ಇಳಿದು.

ಲಿಂಗರಾಜಪುರದ ಶೆಡ್ಡಿನಲ್ಲಿ ಅಲ್ಫೋನ್ಸ್ ಮೇಸ್ತ್ರಿ
ಬೀಡಿ ಕಿವಿಗೆ ಸಿಕ್ಕಿಸಿ ಕೇಳಿದರು:
"ಮೊದಲು ಏನ್ ಮಾಡಿಸ್ತೀರ ಮೇಡಂ?"

ಪಟ್ಟಿಯೇ ಇತ್ತು ನನ್ನ ಹತ್ತಿರ.
ಟ್ಯೂನ್ ಮಾಡಿಸಿದರೆ ಅರವತ್ತು ಕುದುರೆ ಹೆಚ್ಚು;
ಹೆಬ್ಬಾಳದ ಜಾಮಿನಲ್ಲಿ ಅವಕ್ಕೆ ಹುಲ್ಲು ಹಾಕುವವರಾರು?
ಸ್ಪ್ರಿಂಗ್ ಇಳಿಸಿದರೆ ನೋಡಲು ಚೆಂದ,
ನಮ್ಮ ಬೀದಿಯ ಹಂಪುಗಳು ಹೊಟ್ಟೆ ಬಗೆಯುತ್ತವೆ.
ಎಕ್ಸಾಸ್ಟು?
ಕೆಳಮನೆಯ ಮಗು ಈಗಷ್ಟೇ
ರಾತ್ರಿ ಮಲಗಲು ಕಲಿತಿದೆ.

ಅವರು ಮಾತಾಡದೆ ಚಕ್ರ ಬಿಚ್ಚಿ
ಬ್ರೇಕ್ ಪ್ಯಾಡು ಅಂಗೈಗಿಟ್ಟರು.
ಮಾರಿ ಬಿಸ್ಕತ್ತಿನಷ್ಟೂ ದಪ್ಪವಿಲ್ಲ.
"ಇಷ್ಟು ದಿನ ದೇವರು ನಿಲ್ಲಿಸ್ತಿದ್ದ.
ಅವನಿಗೂ ಸುಸ್ತಾಗಿರುತ್ತೆ."

ಬ್ರೇಕು, ಟೈರು, ಒಂದಿಷ್ಟು ರಬ್ಬರು ಬುಶ್ಶು.
ಯಾರ ಕಣ್ಣಿಗೂ ಬೀಳದ್ದಕ್ಕೆ
ತೊಂಬತ್ತು ಸಾವಿರ.

ಬೆಳಗಿನ ಜಾವ ನಾಲ್ಕೂವರೆ, ನೈಸ್ ರಸ್ತೆ ಖಾಲಿ.
ನೂರು ತಲುಪಿಸಿ, ಕನ್ನಡಿ ನೋಡಿ, ಒತ್ತಿದೆ.
ನಿಂತಿತು.
ಸೀಟಿನಡಿಯ ಯಾವ ಸಂದಿಯಿಂದಲೋ
ಹಿಂದಿನವರ ಎರಡು ರೂಪಾಯಿ ನಾಣ್ಯ
ಉರುಳಿ ಬಂದು
ನನ್ನ ಚಪ್ಪಲಿಗೆ ತಾಗಿತು.