ಹೆಪ್ಪು

ಜತ್ತದಿಂದ ಸಾಂಗಲಿಗೆ ಎಸ್‌ಟಿ ಬಸ್ಸು ಮೂರು ತಾಸು.
ಚೀಲದಾಗ ದವಾಖಾನಿ ಪುಸ್ತಕ, ಮ್ಯಾಲೆ ಸೆರಗು.
ಡಾಕ್ಟರ್‌ಬಾಯಿ ಮರಾಠಿಯೊಳಗ ಹೇಳಿದ್ಲು,
ನನಗ ಕನ್ನಡದಾಗ ಕೇಳಿಸ್ತು:
‘ಸೀಡಿ-ಫೋರ್ ಆರ್ನೂರು ದಾಟೇತಿ, ಮಹಾನಂದಾ.’

ಮೆಡಿಕಲ್ ಅಂಗಡಿ ಪೋರ ಮಾರಿದ ಕ್ಯಾಪ್ಸೂಲ್ ತೋರಿಸಿದೆ,
ಇಪ್ಪತ್ತೆರಡು ರೂಪಾಯಿಗೊಂದು.
ಒಳಗ ಕೋಟಿಗಟ್ಟಲೆ ಜೀವ ಅದಾವಂತ, ಒಳ್ಳೇವಂತ,
ಕರಳಿಗೆ ಕಾವಲು ನಿಲ್ಲತಾವಂತ.
‘ಇನ್ನೂ ಪರೀಕ್ಷಾ ನಡದಾವ, ಖಾತ್ರಿ ಹೇಳಾಕ ಬರಂಗಿಲ್ಲ.
ರಾತ್ರಿ ಗುಳಿಗಿ ಮಾತ್ರ ತಪ್ಪಿಸಬ್ಯಾಡ.
ಮನ್ಯಾಗ ಮೊಸರು ಇಲ್ಲೇನು?’

ಇಲ್ಲೇನು ಅಂತ ಕೇಳ್ತಾಳ!
ಎಂಟು ವರ್ಷಾತು,
ಒಬ್ಬಾಕಿನ ಕಡೀತೀನಿ, ಒಬ್ಬಾಕಿನ ಕುಡೀತೀನಿ.
ನನ್ನ ರಕ್ತದ ಸುದ್ದಿ ಓಣಿ ತುಂಬಿದ ದಿನ
ಕಾಶೀಬಾಯಿ ಹೆಪ್ಪಿಗೆ ಬರೂದು ಬಿಟ್ಲು.
ಹೆಪ್ಪಂದ್ರೂ ಹುಳಾನ ಅಲ್ಲೇನು, ಕಣ್ಣಿಗೆ ಕಾಣದ ಹುಳಾ.
ಅಜ್ಜಿ ಗಡಿಗಿಯಿಂದ ಅವ್ವನ ಗಡಿಗಿಗೆ,
ಅಲ್ಲಿಂದ ನನ್ನ ಸ್ಟೀಲ್ ಡಬ್ಬಿಗೆ
ಸಾಯದ ಬಂದಾವು.
ನಾನೂ ಹಂಗ.

ನಿನ್ನೆ ದೀಪಾ ಹಚ್ಚಿದ ಮ್ಯಾಲೆ
ಕಾಶೀಬಾಯಿ ಸೊಸಿ ಬಂದ್ಲು, ಹೊಸಾಕಿ, ಅಥಣಿ ಕಡೆಯಾಕಿ.
ಕೈಯಾಗ ವಾಟಿ.
‘ಬೆಕ್ಕು ಗಡಿಗಿ ಉರುಳಿಸೇತ್ರಿ ಅಕ್ಕಾ, ಒಂದೀಟು ಹೆಪ್ಪು.’

ಸಂಜೀಗೆ ಹೆಪ್ಪು ಕೊಡಬಾರದಂತ ಅವ್ವ ಅಂತಿದ್ಲು.
ನಾ ಬ್ಯಾರೇನ ಕೇಳಿದೆ:
‘ನಿಮ್ಮತ್ತಿ ಏನೂ ಹೇಳಿಲ್ಲೇನು?’
‘ಅತ್ತೀನ ಕಳಿಸ್ಯಾರ್ರೀ.’

ಚಮಚಾ ತೊಳದೆ.
ಯಾಕ ತೊಳದೆನೋ, ಮತ್ತೊಮ್ಮೆ ತೊಳದೆ.
ಆಕಿ ಹೊಸ್ತಿಲದಾಗ ನಿಂತು ನೋಡೂಮುಂದ
ನಾಚಿಕಿ ಬಂತು,
ವಾಟಿ ತುಂಬ ಸುರುವಿದೆ, ಈಟೇನು, ತುಂಬ.

ಒಂಬತ್ತರ ಗುಳಿಗಿ
ಅವತ್ತ ಹತ್ತು ನಿಮಿಷ ತಡಾ ಆತು.